ಚಾಲಕರಹಿತ ಕಾರು ಮತ್ತು ಗಿಲ್ಲೆಸುಗೂರಿನ ರಸ್ತೆ

ಚಾಲಕರಹಿತ ಕಾರಿನ ಪರವಾಗಿ ಹೇಳಲಾಗುವ ವಾದಗಳಲ್ಲಿ ಅತ್ಯಂತ ಬಲವಾದುದು ಅಂಕಿಅಂಶಗಳಲ್ಲಿಲ್ಲ, ಒಂದು ಪುಟ್ಟ ಚಲನಚಿತ್ರದಲ್ಲಿದೆ. ಅದನ್ನು 2012ರಲ್ಲಿ ಗೂಗಲ್ ಕಂಪನಿ ಹೊರತಂದಿತು. ಶೇ. 95ರಷ್ಟು ದೃಷ್ಟಿ ಕಳೆದುಕೊಂಡಿದ್ದ ಸ್ಟೀವ್ ಮಹಾನ್ ಎಂಬವರು ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಚಾಲಕನ ಆಸನದಲ್ಲಿ ಕುಳಿತುಕೊಳ್ಳುತ್ತಾರೆ. ಕಾರು ತಾನೇ ಹೊರಡುತ್ತದೆ, ತಿರುವುಗಳಲ್ಲಿ ತಾನೇ ತಿರುಗುತ್ತದೆ. ಅವರು ತಿಂಡಿ ಅಂಗಡಿಯಲ್ಲಿ ತಿಂಡಿ ಕೊಂಡು, ಒಗೆಯಲು ಕೊಟ್ಟಿದ್ದ ಬಟ್ಟೆಯನ್ನು ತೆಗೆದುಕೊಂಡು ಮರಳುತ್ತಾರೆ. ಮೂರು ವರ್ಷಗಳ ನಂತರ, 2015ರ ಅಕ್ಟೋಬರ್‌ನಲ್ಲಿ, ಅದೇ ವ್ಯಕ್ತಿ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಸಾರ್ವಜನಿಕ ರಸ್ತೆಯಲ್ಲಿ ಒಬ್ಬರೇ ಪ್ರಯಾಣ ಮಾಡಿದರು. ಆ ಕಾರಿನಲ್ಲಿ ಸ್ಟಿಯರಿಂಗ್ ಚಕ್ರವೂ ಇರಲಿಲ್ಲ, ಬ್ರೇಕಿನ ಪೆಡಲೂ ಇರಲಿಲ್ಲ.

ಇದನ್ನು ನೋಡಿ ಸಂತೋಷಪಡದಿರುವುದು ಕಷ್ಟ. ಯಾರನ್ನೂ ಕೇಳಿಕೊಳ್ಳದೆ, ಯಾರ ಸಮಯಕ್ಕೂ ಕಾಯದೆ, ಬೇಕಾದಲ್ಲಿಗೆ ಹೋಗಿ ಬರುವುದು ಎಷ್ಟು ದೊಡ್ಡ ಸೌಲಭ್ಯವೆಂದು ಕಣ್ಣಿದ್ದವರಿಗೆ ತಿಳಿಯುವುದು ಕಡಿಮೆ. ಅಂಧರಿಗೆ, ವೃದ್ಧರಿಗೆ, ಅಪಸ್ಮಾರದಂತಹ ಕಾಯಿಲೆಯಿಂದಾಗಿ ವಾಹನ ನಡೆಸಬಾರದವರಿಗೆ, ಕಲಿಯುವ ಅವಕಾಶವೇ ಸಿಗದ ಹೆಣ್ಣುಮಕ್ಕಳಿಗೆ ಸ್ವಯಂಚಾಲಿತ ಕಾರು ಸ್ವಾವಲಂಬನೆ ತರುತ್ತದೆಂಬ ಮಾತು ಇದೇ ಚಿತ್ರದಿಂದ ಬಲ ಪಡೆದಿದೆ. ನಮ್ಮ ಪತ್ರಿಕೆಗಳು, ಪಠ್ಯೇತರ ಪುಸ್ತಕಗಳು, ಶಾಲಾ ಭಾಷಣಗಳು ಅದನ್ನೇ ಪುನರುಚ್ಚರಿಸುತ್ತ ಬಂದಿವೆ.

ಆದರೆ ಯಾವುದೇ ಪ್ರಯೋಗವನ್ನು ನೋಡಿದಾಗ ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಒಂದಿದೆ: ಇಲ್ಲಿ ಬದಲಾದದ್ದು ಯಾವುದು, ಬದಲಾಗದಂತೆ ಇಟ್ಟದ್ದು ಯಾವುದು? ಚಿತ್ರದಲ್ಲಿ ಬದಲಾದದ್ದು ಚಾಲಕ. ಬದಲಾಗದೆ ಉಳಿದದ್ದು ರಸ್ತೆ. ಮೊದಲೇ ಅಳೆದು ನಕ್ಷೆಗೆ ಸೇರಿಸಿದ ದಾರಿ, ಎದ್ದು ಕಾಣುವ ಬಿಳಿ ಪಟ್ಟಿ, ತಮ್ಮ ಪಥ ಬಿಡದ ವಾಹನಗಳು, ಮನೆಯ ಮುಂದೆಯೇ ನಿಂತಿರುವ ಕಾರು. ಸ್ವಾವಲಂಬನೆಯ ಅರ್ಧಭಾಗವನ್ನು ಕಾರು ಕೊಟ್ಟಿತು, ಉಳಿದರ್ಧವನ್ನು ರಸ್ತೆ ಮೊದಲೇ ಕೊಟ್ಟಿತ್ತು. ಈ ಎರಡನೆಯ ಅರ್ಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರಶಂಸೆ ಅಪೂರ್ಣ ಎಂಬುದು ಈ ಲೇಖನದ ವಾದ.

ರಸ್ತೆಯೆಂಬ ಪ್ರಯೋಗಶಾಲೆ

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಗಿಲ್ಲೆಸುಗೂರು ಇದೆ. ರಾಯಚೂರು ತಾಲೂಕಿನ ಹೋಬಳಿ ಕೇಂದ್ರ. ಸುಗ್ಗಿಯ ಕಾಲದಲ್ಲಿ ಈ ರಸ್ತೆಯ ಮೇಲೆ ಒಂದು ಗಂಟೆ ಕಣ್ಣಿಟ್ಟರೆ ಏನೇನು ಕಾಣಿಸುತ್ತದೆ? ನಿಗಮದ ಬಸ್ಸು, ಆಂಧ್ರದ ಬಸ್ಸು, ಲಾರಿ, ಹತ್ತಿ ಹೇರಿ ರಸ್ತೆಯ ಮುಕ್ಕಾಲು ಭಾಗ ಹಿಡಿದ ಟ್ರ್ಯಾಕ್ಟರ್, ಕೂಲಿಯವರನ್ನು ತುಂಬಿಕೊಂಡ ಕ್ರೂಸರ್, ಎಲ್ಲಿ ಬೇಕೆಂದರಲ್ಲಿ ನಿಲ್ಲುವ ಟಂಟಂ, ಮೂವರು ಕುಳಿತ ಮೋಟಾರ್ ಸೈಕಲ್, ಎಮ್ಮೆಗಳ ಹಿಂಡು, ರಾಯರ ಮಠಕ್ಕೆ ನಡೆದು ಹೊರಟ ಭಕ್ತರು. ಅಂಚಿನಲ್ಲಿ ಒಣಗಲು ಹರವಿದ ನೆಲ್ಲು, ಅದನ್ನು ವಾಹನಗಳು ತುಳಿಯದಿರಲೆಂದು ಸುತ್ತಲೂ ಇಟ್ಟ ಕಲ್ಲುಗಳು. ನೆಲ್ಲು ತುಂಬಿಕೊಂಡು ಹೋದ ಮೇಲೂ ಆ ಕಲ್ಲುಗಳು ಅಲ್ಲಿಯೇ ಉಳಿಯುವುದುಂಟು.

ಇದನ್ನು ಅವ್ಯವಸ್ಥೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಇದಕ್ಕೂ ಒಂದು ವ್ಯವಸ್ಥೆಯಿದೆ, ಅದು ಬಿಳಿ ಪಟ್ಟಿಗಳಲ್ಲಿಲ್ಲ ಅಷ್ಟೆ. ಟ್ರ್ಯಾಕ್ಟರಿನ ಮೇಲೆ ಕುಳಿತವನು ಕೈ ಬೀಸಿದರೆ "ಮುಂದೆ ಹೋಗು" ಎಂದರ್ಥ. ಎದುರಿನ ಲಾರಿ ದೀಪ ಮಿನುಗಿಸಿದರೆ "ನಾನು ಬರುತ್ತಿದ್ದೇನೆ, ನೀನು ನಿಲ್ಲು" ಎಂದರ್ಥ. ಮುದುಕಿಯೊಬ್ಬಳು ನಿಲ್ದಾಣವಲ್ಲದ ಕಡೆ ನಿಂತು ಕೈ ಎತ್ತಿದರೆ ಬಸ್ಸಿನ ಚಾಲಕ ನಿಲ್ಲಿಸುತ್ತಾನೆ. ಹಾರನ್ ನಮ್ಮಲ್ಲಿ ಬೈಗುಳಕ್ಕಿಂತ ಹೆಚ್ಚಾಗಿ ಮಾಹಿತಿ. ಇವೆಲ್ಲ ಮನುಷ್ಯರ ನಡುವಿನ ಸಂಜ್ಞೆಗಳು, ಇವನ್ನು ಓದಬಲ್ಲ ಸಂವೇದಕ ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ಸಂವೇದಕಗಳು ಏನನ್ನು ಕಾಣುತ್ತವೆ?

ಸ್ವಯಂಚಾಲಿತ ಕಾರುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಕಣ್ಣುಗಳಿರುತ್ತವೆ: ಕ್ಯಾಮೆರಾ, ಲೈಡಾರ್ ಮತ್ತು ರಾಡಾರ್. ಲೈಡಾರ್ ಅವಕೆಂಪು ಲೇಸರ್ ಮಿಡಿತಗಳನ್ನು ಕಳುಹಿಸಿ, ಅವು ಪ್ರತಿಫಲಿಸಿ ಮರಳುವ ಕಾಲವನ್ನು ಅಳೆಯುತ್ತದೆ. 60 ಮೀಟರ್ ದೂರದ ವಸ್ತುವಿನಿಂದ ಬೆಳಕು ಹೋಗಿ ಬರಲು 120 ಮೀಟರ್ ಸಾಗಬೇಕು. ಬೆಳಕಿನ ವೇಗದಿಂದ ಭಾಗಿಸಿದರೆ 0.4 ಮೈಕ್ರೊಸೆಕೆಂಡ್. ದೂರವನ್ನು ಒಂದು ಸೆಂಟಿಮೀಟರ್ ನಿಖರತೆಯಲ್ಲಿ ತಿಳಿಯಬೇಕಾದರೆ ಕಾಲವನ್ನು ಸುಮಾರು 67 ಪಿಕೊಸೆಕೆಂಡ್ ನಿಖರತೆಯಲ್ಲಿ ಅಳೆಯಬೇಕು. ಇದು ಸಾಧ್ಯವಾಗಿದೆ ಎಂಬುದೇ ಒಂದು ಸೋಜಿಗ. ತರಗತಿಯಲ್ಲಿ ಬೆಳಕಿನ ವೇಗದ ಲೆಕ್ಕ ಮಾಡಿಸುವ ಶಿಕ್ಷಕರು ಈ ಉದಾಹರಣೆಯನ್ನು ಬಿಡಬಾರದು.

ಈಗ ಮಿತಿಯನ್ನು ನೋಡೋಣ. ಒಂದರ ಮೇಲೊಂದು ಇರುವ ಎರಡು ಲೇಸರ್ ಕಿರಣಗಳ ನಡುವೆ 0.4 ಡಿಗ್ರಿ ಅಂತರವಿದೆ ಎಂದಿಟ್ಟುಕೊಳ್ಳಿ. ಮೊದಲ ತಲೆಮಾರಿನ 64 ಕಿರಣಗಳ ಲೈಡಾರ್‌ನಲ್ಲಿ ಅಂತರ ಸುಮಾರಾಗಿ ಇಷ್ಟಿತ್ತು. 60 ಮೀಟರ್ ದೂರದಲ್ಲಿ ಅವುಗಳ ನಡುವಿನ ಅಂತರ 42 ಸೆಂಟಿಮೀಟರ್ ಆಗುತ್ತದೆ. ರಸ್ತೆಯಲ್ಲಿ ಕುಳಿತ ನಾಯಿಗೆ ಒಂದೋ ಎರಡೋ ಗೆರೆ ತಾಕಬಹುದು. ನೆಲ್ಲಿನ ಕಾವಲಿಗೆ ಇಟ್ಟ ಅಂಗೈ ಎತ್ತರದ ಕಲ್ಲು ಎರಡು ಗೆರೆಗಳ ನಡುವೆಯೇ ತಪ್ಪಿಸಿಕೊಳ್ಳಬಹುದು. ಈಚಿನ ಉಪಕರಣಗಳಲ್ಲಿ ಕಿರಣಗಳು ಹೆಚ್ಚು ಒತ್ತಾಗಿವೆ, ಬೆಲೆಯೂ ಇಳಿದಿದೆ. ಆದರೂ ಸುಗ್ಗಿಯ ಧೂಳು, ಹೊಟ್ಟು ಗಾಳಿಯಲ್ಲಿ ತೇಲುವಾಗ ಅವಕೆಂಪು ಬೆಳಕು ಚದುರುತ್ತದೆ. ಧೂಳಿನ ಕಣಗಳ ಗಾತ್ರ ಅದರ ತರಂಗದೂರಕ್ಕೆ ಸಮೀಪ ಇಲ್ಲವೆ ಅದಕ್ಕಿಂತ ಹೆಚ್ಚಾಗಿರುವುದೇ ಇದಕ್ಕೆ ಕಾರಣ.

ರಾಡಾರ್‌ಗೆ ಈ ತೊಂದರೆ ಕಡಿಮೆ. 77 ಗಿಗಾಹರ್ಟ್ಸ್ ಆವೃತ್ತಿಯ ಅಲೆಯ ತರಂಗದೂರ ಸುಮಾರು 3.9 ಮಿಲಿಮೀಟರ್, ಧೂಳು ಅದಕ್ಕೆ ಲೆಕ್ಕವಿಲ್ಲ. ಡಾಪ್ಲರ್ ಪರಿಣಾಮದಿಂದ ವೇಗವನ್ನೂ ನೇರವಾಗಿ ತಿಳಿಯಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹತ್ತಿರವಾಗುತ್ತಿರುವ ವಸ್ತುವಿನಿಂದ ಮರಳುವ ಅಲೆಯ ಆವೃತ್ತಿ ಸುಮಾರು 8.6 ಕಿಲೊಹರ್ಟ್ಸ್ ಹೆಚ್ಚಿರುತ್ತದೆ. ತೊಡಕು ಇಲ್ಲಿಯೇ ಇದೆ. ನಿಂತಿರುವ ಟ್ರೇಲರ್, ರಸ್ತೆ ಪಕ್ಕದ ಕಂಬ, ಸೇತುವೆಯ ಗೋಡೆ ಎಲ್ಲವೂ ಕಾರಿನ ದೃಷ್ಟಿಯಿಂದ ಒಂದೇ ವೇಗದಲ್ಲಿ ಹತ್ತಿರವಾಗುತ್ತವೆ. ಪ್ರತಿಯೊಂದು ಕಂಬಕ್ಕೂ ಬ್ರೇಕ್ ಹಾಕಬಾರದೆಂದು ಹಲವು ವ್ಯವಸ್ಥೆಗಳು ನಿಂತ ವಸ್ತುಗಳ ಸಂಕೇತವನ್ನು ಕಡೆಗಣಿಸುವಂತೆ ರಚಿತವಾಗಿವೆ. ಹಿಂದೆ ದೀಪವಿಲ್ಲದೆ, ಪ್ರತಿಫಲಕವಿಲ್ಲದೆ ಕತ್ತಲಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರ್ ಟ್ರೇಲರ್ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಎಷ್ಟು ಅಪಾಯಕಾರಿ ಎಂಬುದನ್ನು ಇಲ್ಲಿನ ಓದುಗರಿಗೆ ಹೇಳಬೇಕಾಗಿಲ್ಲ.

ಇನ್ನು ಬ್ರೇಕಿನ ವಿಷಯ. 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 16.7 ಮೀಟರ್. ಮನುಷ್ಯ ಅಪಾಯವನ್ನು ಕಂಡು ಬ್ರೇಕ್ ಒತ್ತಲು 1.5 ಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ ಕಾರು 25 ಮೀಟರ್ ಸಾಗಿರುತ್ತದೆ. ಘರ್ಷಣಾಂಕ 0.7 ಇರುವ ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ 20 ಮೀಟರ್ ಬೇಕು. ಒಟ್ಟು 45. ಯಂತ್ರ 0.3 ಸೆಕೆಂಡಿನಲ್ಲಿ ಪ್ರತಿಕ್ರಿಯಿಸಿದರೆ 5 ಮತ್ತು 20 ಸೇರಿ 25 ಮೀಟರ್ ಸಾಕು. ಯಂತ್ರದ ಗೆಲುವು ಸ್ಪಷ್ಟ. ಅದೇ ಕಾರಿನ ಚಕ್ರಗಳು ಹರವಿದ ನೆಲ್ಲಿನ ಮೇಲಿದ್ದರೆ? ಘರ್ಷಣಾಂಕ 0.3ಕ್ಕೆ ಇಳಿಯುತ್ತದೆಂದು ಹಿಡಿದರೆ ನಿಲ್ಲುವ ದೂರವೇ 47 ಮೀಟರ್, ಯಂತ್ರದ ಒಟ್ಟು ದೂರ 52. ಒಣ ರಸ್ತೆಯ ಮೇಲಿನ ಮನುಷ್ಯನಿಗಿಂತ ಹೆಚ್ಚು! ಚುರುಕಾದ ಗಣಕ ಘರ್ಷಣೆಯ ನಿಯಮವನ್ನು ಬದಲಿಸಲಾರದು. ಅನುಭವಿ ಚಾಲಕ ದೂರದಿಂದಲೇ ನೆಲ್ಲನ್ನು ನೋಡಿ ವೇಗ ತಗ್ಗಿಸುತ್ತಾನೆ. ಯಂತ್ರವೂ ಹಾಗೆ ಮಾಡಬೇಕಾದರೆ ಹಳದಿ ಬಣ್ಣದ ಆ ಹಾಸು ಏನೆಂದು ಅದಕ್ಕೆ ಮೊದಲು ಗೊತ್ತಿರಬೇಕು.

ಹೆಸರಿಡಲಾಗದ ವಸ್ತು

ಗುರುತಿಸುವಿಕೆಯ ಈ ಸಮಸ್ಯೆ ಎಷ್ಟು ಗಂಭೀರವೆಂಬುದಕ್ಕೆ ಅಮೆರಿಕದ್ದೇ ಉದಾಹರಣೆಯಿದೆ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪೆ ನಗರದಲ್ಲಿ ಊಬರ್ ಕಂಪನಿಯ ಪರೀಕ್ಷಾ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು ಆಕೆ ಮೃತಪಟ್ಟರು. ತನಿಖೆಯ ವರದಿಯಂತೆ ಸಂವೇದಕಗಳು ಆಕೆಯನ್ನು 5.6 ಸೆಕೆಂಡ್ ಮೊದಲೇ ಕಂಡಿದ್ದವು. ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ ಅದು ನೂರು ಮೀಟರಿಗೂ ಮೀರಿದ ದೂರ, ನಿಲ್ಲಲು ಅದರ ಮೂರನೇ ಒಂದು ಭಾಗ ಸಾಕಿತ್ತು. ಆದರೆ ಗಣಕ ಆಕೆಯನ್ನು ಒಮ್ಮೆ ವಾಹನವೆಂದಿತು, ಒಮ್ಮೆ ಬೇರೇನೋ ಎಂದಿತು, ಒಮ್ಮೆ ಸೈಕಲ್ ಎಂದಿತು. ಹೆಸರು ಬದಲಾದಾಗಲೆಲ್ಲ ಆಕೆ ಎತ್ತ ಸಾಗುತ್ತಿದ್ದಾಳೆಂಬ ಹಿಂದಿನ ಲೆಕ್ಕವನ್ನು ಕೈಬಿಟ್ಟಿತು. ಗುರುತು ಮಾಡಿದ ಜಾಗದ ಹೊರಗೆ ಪಾದಚಾರಿ ರಸ್ತೆ ದಾಟಬಹುದೆಂಬ ಊಹೆಯೇ ಆ ತಂತ್ರಾಂಶದಲ್ಲಿ ಇರಲಿಲ್ಲ. ಗಿಲ್ಲೆಸುಗೂರಿನಲ್ಲಿ ರಸ್ತೆ ದಾಟುವವರೆಲ್ಲರೂ ಆ ತಂತ್ರಾಂಶದ ಪ್ರಕಾರ ಊಹೆಗೆ ಮೀರಿದವರೇ!

ಅಂದಿನಿಂದ ತಂತ್ರಜ್ಞಾನ ಬಹಳ ಮುಂದೆ ಬಂದಿದೆ, ಅದನ್ನು ಮರೆಮಾಚಬಾರದು. ವೇಮೊ ಕಂಪನಿಯ ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಕಾರುಗಳು ಚಾಲಕನಿಲ್ಲದೆ ಕ್ರಮಿಸಿದ 5.67 ಕೋಟಿ ಮೈಲಿಗಳ, ಅಂದರೆ ಸುಮಾರು 9.1 ಕೋಟಿ ಕಿಲೊಮೀಟರುಗಳ, ಲೆಕ್ಕವಿದೆ. ಅದೇ ನಗರಗಳ ಮಾನವ ಚಾಲಕರಿಗೆ ಹೋಲಿಸಿದರೆ ಪಾದಚಾರಿಗಳಿಗೆ ಗಾಯವಾದ ಅಪಘಾತಗಳು ಶೇ. 92ರಷ್ಟು ಕಡಿಮೆ. ಅಧ್ಯಯನ ಕಂಪನಿಯದೇ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೂ ಇದು ಸಣ್ಣ ಸಾಧನೆಯಲ್ಲ. ಆದರೆ "ಅದೇ ನಗರಗಳ" ಎಂಬ ಮಾತನ್ನು ಗಮನಿಸಿ. ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್, ಆಸ್ಟಿನ್. ಸ್ವಯಂಚಾಲನೆಯನ್ನು 0ಯಿಂದ 5ರವರೆಗೆ ಆರು ಹಂತಗಳಾಗಿ ವರ್ಗೀಕರಿಸುತ್ತಾರೆ. ಈ ಕಾರುಗಳು 4ನೇ ಹಂತದವು, ಅಂದರೆ ನಿಗದಿಪಡಿಸಿದ ಪ್ರದೇಶದಲ್ಲಿ ಮಾತ್ರ ಚಾಲಕನಿಲ್ಲದೆ ಓಡುವಂಥವು. ಎಲ್ಲಿ ಬೇಕಾದರೂ ಓಡುವ 5ನೇ ಹಂತದ ಕಾರು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಜನಪ್ರಿಯ ಬರಹಗಳು ವಾಗ್ದಾನ ಮಾಡುವುದು 5ನೇ ಹಂತವನ್ನು, ಪುರಾವೆ ಕೊಡುವುದು 4ನೇ ಹಂತದ್ದನ್ನು. ನನ್ನ ಮುಖ್ಯ ಆಕ್ಷೇಪ ಇದಕ್ಕೇ.

ಆ ನಗರಗಳಲ್ಲಿಯೂ ಸ್ವಾವಲಂಬನೆಯ ಬೆನ್ನಿಗೆ ಕಾಣದ ಅವಲಂಬನೆಗಳಿವೆ. 2025ರ ಡಿಸೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಭಾಗಕ್ಕೆ ವಿದ್ಯುತ್ ಹೋಯಿತು. ಸಂಚಾರ ದೀಪಗಳು ಆರಿದವು. ಹಲವು ಚಾಲಕರಹಿತ ಕಾರುಗಳು ದೂರದ ಸಿಬ್ಬಂದಿಯಿಂದ ಖಚಿತಪಡಿಸಿಕೊಳ್ಳಲು ಕಾಯುತ್ತ ನಡುರಸ್ತೆಯಲ್ಲೇ ನಿಂತವು, ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವಷ್ಟು ಹತ್ತಿರದಲ್ಲಿದ್ದೂ ಕರೆಂಟು ಹೋಗುವುದನ್ನು ಬಲ್ಲ ನಮಗೆ ಇದರ ಅರ್ಥ ಬೇಗ ಆಗುತ್ತದೆ.

ನಮ್ಮಲ್ಲಿಯ ಪ್ರಯತ್ನಗಳು

ಭಾರತದ ರಸ್ತೆಯನ್ನು ಯಂತ್ರಕ್ಕೆ ಪರಿಚಯಿಸುವ ಗಂಭೀರ ಕೆಲಸ ನಡೆದಿಲ್ಲವೆಂದಲ್ಲ. ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಇಂಟೆಲ್ ಜೊತೆಗೂಡಿ 2018ರಲ್ಲಿ ಒಂದು ಚಿತ್ರಸಂಗ್ರಹವನ್ನು ಹೊರತಂದರು. ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದಲ್ಲಿ 182 ಬಾರಿ ಕಾರು ಓಡಿಸಿ ತೆಗೆದ ಸುಮಾರು 10,000 ಚಿತ್ರಗಳು, 34 ವರ್ಗಗಳು. ಆಟೊರಿಕ್ಷಾಕ್ಕೆ ಒಂದು ವರ್ಗ, ಪ್ರಾಣಿಗೆ ಒಂದು ವರ್ಗ. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇನ್ನೊಂದು ವರ್ಗ: ರಸ್ತೆಯಲ್ಲದಿದ್ದರೂ ವಾಹನ ಹೋಗಬಹುದಾದ ಜಾಗ. ಯುರೋಪಿನ ನಗರಗಳ ಚಿತ್ರಸಂಗ್ರಹಗಳಿಗೆ ಇಂಥ ವರ್ಗ ಬೇಕೆನಿಸಿರಲಿಲ್ಲ. ಡಾಂಬರಿನ ಅಂಚು ಎಲ್ಲಿ ಮುಗಿದು ಮಣ್ಣು ಎಲ್ಲಿ ಆರಂಭವಾಗುತ್ತದೆಂದು ತಿಳಿಯದ ಊರಿನಲ್ಲಿ ಹುಟ್ಟಿದ ವಿಜ್ಞಾನ ಇದು. ನಿಜವಾದ ಪ್ರಗತಿ ಇಂತಹ ತಾಳ್ಮೆಯ ಕೆಲಸದಲ್ಲಿದೆ. ಅದಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ಪ್ರಚಾರ ಸಿಕ್ಕದ್ದು ಪ್ರದರ್ಶನಗಳಿಗೆ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆ ಕಾಲೇಜು ಸೇರಿ ರೂಪಿಸಿದ ಚಾಲಕರಹಿತ ಕಾರಿನ ಮಾದರಿ ಅನಾವರಣಗೊಂಡಿತು. ಮಠಾಧೀಶರೊಬ್ಬರು ಅದರಲ್ಲಿ ಕುಳಿತು ಸಾಗಿದ ದೃಶ್ಯವನ್ನು ನಾಡೆಲ್ಲ ನೋಡಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ವರ್ಷಗಟ್ಟಲೆ ಶ್ರಮಿಸಿ ಮಾಡಿದ್ದು, ಹೆಮ್ಮೆಪಡತಕ್ಕದ್ದೇ. ಆದರೆ ಆವರಣದೊಳಗಿನ ರಸ್ತೆ ಆವರಣದೊಳಗಿನ ರಸ್ತೆಯೇ. ಗೇಟಿನಿಂದ ಹೊರಗೆ ಮೈಸೂರು ರಸ್ತೆಗೆ ಬರುವ ಹೊತ್ತಿಗೆ ಪ್ರಶ್ನೆಪತ್ರಿಕೆಯೇ ಬೇರೆಯಾಗುತ್ತದೆ.

ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿ, ಮತ್ತೆ 2023ರ ಡಿಸೆಂಬರ್‌ನಲ್ಲಿ, ಚಾಲಕರಹಿತ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲವೆಂದರು. ಚಾಲಕರ ಉದ್ಯೋಗ ಹೋಗುತ್ತದೆಂಬುದು ಅವರು ಕೊಟ್ಟ ಕಾರಣ. ದೇವದುರ್ಗ, ಮಾನ್ವಿ ಕಡೆಯಿಂದ ಗುಳೆ ಹೋಗಿ ಬೆಂಗಳೂರಿನಲ್ಲಿ ಸ್ಟಿಯರಿಂಗ್ ಹಿಡಿದು ಮನೆ ನಡೆಸುವ ಹುಡುಗರನ್ನು ಬಲ್ಲವರಿಗೆ ಆ ಆತಂಕ ಹುಸಿಯೆನಿಸದು. ಆದರೂ ನನಗೆ ಈ ಕಾರಣ ಸಾಲದೆನಿಸುತ್ತದೆ. ತಂತ್ರಜ್ಞಾನ ನಮ್ಮ ರಸ್ತೆಗೆ ಸಿದ್ಧವಾಗಿಲ್ಲವೆಂಬುದು ಒಂದು ಮಾತು, ಸಿದ್ಧವಾದರೂ ಬೇಡವೆಂಬುದು ಇನ್ನೊಂದು. ಎರಡನೆಯ ಮಾತನ್ನು ಕಣ್ಣಿಲ್ಲದವರ ಮುಂದೆ ನಿಂತು ಹೇಳುವುದು ಸುಲಭವಲ್ಲ.

ಯಾರ ಸ್ವಾವಲಂಬನೆ?

ಮೊದಲಿನ ಪ್ರಶ್ನೆಗೇ ಬರೋಣ. ಗಿಲ್ಲೆಸುಗೂರಿನ ಸುತ್ತಲಿನ ಹಳ್ಳಿಯ ಅಂಧ ವ್ಯಕ್ತಿಯೊಬ್ಬ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಬೇಕೆನ್ನಿ. ಅವನನ್ನು ತಡೆಯುವುದು ಏನು? ಕಾರು ನಡೆಸಲು ಬಾರದೆಂಬುದಲ್ಲ, ಕಾರೇ ಇಲ್ಲ. ಹಳ್ಳಿಯಿಂದ ಹೆದ್ದಾರಿಯವರೆಗೆ ಹೋಗುವುದು ಹೇಗೆ, ಬಸ್ಸು ಎಷ್ಟು ಹೊತ್ತಿಗೆ, ಬಂದು ನಿಂತದ್ದು ಯಾವ ಊರಿನ ಬಸ್ಸು, ಸಂಜೆ ಮರಳಲು ಗಾಡಿ ಸಿಗುತ್ತದೆಯೇ ಎಂಬವು ಅವನ ಪ್ರಶ್ನೆಗಳು. ಇವುಗಳಲ್ಲಿ ಒಂದಕ್ಕೆ ನಮ್ಮ ರಾಜ್ಯದಲ್ಲೇ ಉತ್ತರ ದೊರೆತಿದೆ. ಮೈಸೂರು ನಗರ ಸಾರಿಗೆಯ ಬಸ್ಸುಗಳಲ್ಲಿ 'ಧ್ವನಿ ಸ್ಪಂದನ' ಎಂಬ ವ್ಯವಸ್ಥೆಯನ್ನು ಅಳವಡಿಸಲಾಯಿತು, ಅದರ ಮೂಲ ದೆಹಲಿ ಐಐಟಿಯ ಸಂಶೋಧನೆ. ಅಂಧ ಪ್ರಯಾಣಿಕ ಕೈಯಲ್ಲಿನ ಪುಟ್ಟ ಸಾಧನದ ಗುಂಡಿ ಒತ್ತುತ್ತಾನೆ. ರೇಡಿಯೊ ಸಂಕೇತ ಹತ್ತಿರದ ಬಸ್ಸಿಗೆ ತಲುಪುತ್ತದೆ. ಬಸ್ಸಿನ ಬಾಗಿಲ ಬಳಿಯ ಧ್ವನಿವರ್ಧಕ ಮಾರ್ಗದ ಸಂಖ್ಯೆಯನ್ನು ಹೇಳುತ್ತದೆ, ಆ ದನಿಯ ಜಾಡು ಹಿಡಿದು ಅವನು ಹತ್ತುತ್ತಾನೆ. ಲೈಡಾರ್ ಬೇಡ, ಉಪಗ್ರಹವೂ ಬೇಡ. ಚಾಲಕ ತನ್ನ ಸ್ಥಾನದಲ್ಲೇ ಇದ್ದಾನೆ, ಪ್ರಯಾಣಿಕ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ.

ಇನ್ನೊಂದು ಉದಾಹರಣೆಯಲ್ಲಿ ತಂತ್ರಜ್ಞಾನದ ಪಾತ್ರವೇ ಇಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುತ್ತಾರೆ. 2025ರ ಜುಲೈ ಹೊತ್ತಿಗೆ ಇಂತಹ ಪ್ರಯಾಣಗಳ ಸಂಖ್ಯೆ 500 ಕೋಟಿ ತಲುಪಿತು. ಯೋಜನೆಯ ಹಣಕಾಸಿನ ಬಗ್ಗೆ, ಬಸ್ಸಿನ ನೂಕುನುಗ್ಗಲಿನ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ಆದರೆ ದಿನನಿತ್ಯದ ಸಂಚಾರವನ್ನು ಬದಲಿಸುವುದೆಂದರೆ ಏನೆಂದು ಅಳೆಯಲು ಇದಕ್ಕಿಂತ ದೊಡ್ಡ ಪ್ರಯೋಗ ನಮ್ಮ ಕಣ್ಣೆದುರು ನಡೆದಿಲ್ಲ.

ಸ್ವಯಂಚಾಲನೆಯ ವಿಜ್ಞಾನದಿಂದ ನಮಗೆ ಮೊದಲು ಬೇಕಾದದ್ದು ಇಡೀ ಕಾರಲ್ಲ, ಅದರ ಬಿಡಿಭಾಗಗಳು ಎಂದು ನನ್ನ ಅಭಿಪ್ರಾಯ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ. 44.5 ದ್ವಿಚಕ್ರ ವಾಹನದವರು, ಶೇ. 19.5 ಪಾದಚಾರಿಗಳು. ಕಾರಿನೊಳಗಿದ್ದವರ ಪಾಲು ಇದಕ್ಕಿಂತ ಬಹಳ ಕಡಿಮೆ. ತಾನಾಗಿಯೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು, ತೂಕಡಿಸುವ ಚಾಲಕನನ್ನು ಎಚ್ಚರಿಸುವ ಕ್ಯಾಮೆರಾವನ್ನು ಲಾರಿಗೂ ಬಸ್ಸಿಗೂ ಹಾಕಿದರೆ ಅದರ ಲಾಭ ರಸ್ತೆಯ ಮೇಲೆ ನಡೆಯುವವನಿಗೆ ಸಿಗುತ್ತದೆ. ಟ್ರೇಲರಿನ ಹಿಂದೆ ಪ್ರತಿಫಲಕ ಪಟ್ಟಿ ಅಂಟಿಸಿದರೆ ಮನುಷ್ಯನ ಕಣ್ಣಿಗೂ ಕ್ಯಾಮೆರಾದ ಕಣ್ಣಿಗೂ ಒಟ್ಟಿಗೇ ಅನುಕೂಲ. ನೆಲ್ಲು ಒಣಗಿಸಲು ಊರಿಗೊಂದು ಕಣ ಕಟ್ಟಿಸಿದರೆ ಘರ್ಷಣಾಂಕದ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ.

ಕೊನೆಯದಾಗಿ ಶಿಕ್ಷಕ ಮಿತ್ರರಿಗೆ ಒಂದು ಸೂಚನೆ. ವಿಜ್ಞಾನ ಪ್ರದರ್ಶನಗಳಲ್ಲಿ ಪ್ರತಿವರ್ಷ ಚಾಲಕರಹಿತ ಕಾರಿನ ಮಾದರಿಗಳು ಬರುತ್ತವೆ. ಬಿಳಿ ಹಲಗೆಯ ಮೇಲೆ ಕಪ್ಪು ಟೇಪು ಅಂಟಿಸಿ ಅದರ ಗುಂಟ ಸಾಗುವ ಆಟಿಕೆ. ಮಕ್ಕಳ ಕೈಕೆಲಸ ಚೆನ್ನಾಗಿರುತ್ತದೆ, ಬಹುಮಾನವೂ ಬರುತ್ತದೆ. ಮುಂದಿನ ಬಾರಿ ಟೇಪಿನ ಮೇಲೆ ಒಂದು ಹಿಡಿ ನೆಲ್ಲು ಚೆಲ್ಲಿ, ಪಕ್ಕದಲ್ಲಿ ಎರಡು ಕಲ್ಲಿಟ್ಟು, ಏನಾಗುತ್ತದೆಂದು ಅವರಿಂದಲೇ ಬರೆಸಿ. ಅದಕ್ಕೂ ಮೊದಲು ಊರಿನ ಬಸ್ ನಿಲ್ದಾಣದಲ್ಲಿ, ವಾಹನಗಳಿಗೆ ದೂರವಾದ ಜಾಗದಲ್ಲಿ, ಶಿಕ್ಷಕರೊಬ್ಬರ ಜೊತೆ ಒಂದು ಗಂಟೆ ನಿಂತು ಪಟ್ಟಿ ಮಾಡಲಿ: ಎಷ್ಟು ವಾಹನ, ಯಾವ ಬಗೆಯವು, ಎಷ್ಟು ಪ್ರಾಣಿ, ಯಾರು ಯಾರಿಗೆ ಕೈಸನ್ನೆ ಮಾಡಿದರು, ಅದರ ಅರ್ಥವೇನು. ಜೊತೆಗೆ ಇನ್ನೊಂದು ಕಲಂ ಇರಲಿ: ಆ ಒಂದು ಗಂಟೆಯಲ್ಲಿ ಎಷ್ಟು ಜನ ಗಾಡಿಗಾಗಿ ಕಾದರು, ಎಷ್ಟು ಹೊತ್ತು ಕಾದರು, ಅವರಲ್ಲಿ ಎಷ್ಟು ಮಂದಿ ಕಾದು ಕಾದು ಮನೆಗೆ ಮರಳಿದರು.